ಹದಿನೇಳನೇ ಫೀಡರಿನ ಸರದಿ

ಬೆಳಿಗ್ಗೆ ಆರೂವರೆಗೆ ಕಂಟ್ರೋಲ್ ರೂಮಿಗೆ ಡ್ಯೂಟಿಗೆ ಬಂದ ಕರೆಂಟಕ್ಕ ಕುರ್ಚಿಯಲ್ಲಿ ಕೂತಿದ್ದರೆ ಹೆಚ್ಚೆಂದರೆ ಐದು ನಿಮಿಷ. ಏಳುವುದು, ಗೋಡೆಯ ದೊಡ್ಡ ಪರದೆಯ ಹತ್ತಿರ ಹೋಗುವುದು, ಅದರ ಮೂಲೆಯ ಅಂಕಿ ನೋಡುವುದು, ವಾಪಸ್ ಬಂದು ಕೂರುವುದು, ಮತ್ತೆ ಏಳುವುದು. ಆ ಅಂಕಿ ಐವತ್ತು ಇರಬೇಕು. ಇಡೀ ದೇಶದ ಕರೆಂಟಿನ ನಾಡಿ ಅದು. ಜನ ಎಳೆಯುವ ಕರೆಂಟೂ ಸ್ಥಾವರಗಳು ಕೊಡುವ ಕರೆಂಟೂ ಸರಿಸಮ ಇದ್ದರೆ ಐವತ್ತರಲ್ಲಿ ನಿಲ್ಲುತ್ತದೆ, ಎಳೆತ ಜಾಸ್ತಿಯಾದರೆ ಇಳಿಯುತ್ತದೆ. ಆವತ್ತು ಅದು ಐವತ್ತು ಬಿಟ್ಟು ಕೆಳಗೆ ಬಂದು, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜಾರುತ್ತಿತ್ತು. ಹೊರಗೆ ಮೈನಸ್ ಹದಿನಾಲ್ಕು ಡಿಗ್ರಿ ಚಳಿ.

"ನೀನು ಹೀಗೆ ಓಡಾಡಿದ್ರೆ ಅದೇನು ಮೇಲಕ್ಕೆ ಹತ್ತುತ್ತಾ? ಕೂತ್ಕೊಳ್ಳಮ್ಮಾ, ನೋಡಿ ನೋಡಿ ನಂಗೆ ತಲೆ ತಿರುಗ್ತಿದೆ," ಎಂದರು ಪಟ್ಟಿ ಸಾಹೇಬರು.

ಪಟ್ಟಿ ಸಾಹೇಬರು ಎಂದರೆ ಆ ಊರಿನ ಕಂಟ್ರೋಲ್ ರೂಮಿನ ಶಿಫ್ಟ್ ಇಂಜಿನಿಯರು. ರಿಟೈರಾಗಲು ಎರಡೇ ವರ್ಷ ಬಾಕಿ. ಹನ್ನೊಂದು ಚಳಿಗಾಲದ ಹಿಂದೆ ಅವರು ಕೂತು ಒಂದು ಪಟ್ಟಿ ಮಾಡಿದ್ದರು: ದೇಶದಲ್ಲಿ ಕರೆಂಟು ಸಾಲದೆ ಬಂದರೆ ಈ ಊರಿನ ಯಾವ ಫೀಡರನ್ನು, ಅಂದರೆ ಯಾವ ಬಡಾವಣೆಗೆ ಹೋಗುವ ಲೈನನ್ನು, ಯಾವುದಾದ ಮೇಲೆ ತೆಗೆಯಬೇಕು ಎಂದು. ಒಂದು ಗುಂಪಿಗೆ ಒಂದು ಗಂಟೆ ಕಟ್. ಆಮೇಲೆ ಅದಕ್ಕೆ ಕೊಟ್ಟು, ಮುಂದಿನ ಗುಂಪಿನದು ತೆಗೆಯುವುದು. ಪಟ್ಟಿಯ ಮೊದಲ ಪುಟದಲ್ಲಿ ಅವರದೇ ದುಂಡು ಅಕ್ಷರದಲ್ಲಿ ಒಂದು ಸಾಲು ಇತ್ತು: 'ಹೋದಷ್ಟೇ ವಾಪಸ್ ಬರುತ್ತದೆ.' ಐದು ಮೆಗಾವ್ಯಾಟ್ ತೆಗೆದರೆ ಕೊಡುವಾಗಲೂ ಐದೇ ಮೆಗಾವ್ಯಾಟ್. ಹನ್ನೊಂದು ವರ್ಷ ಅದು ಸುಳ್ಳಾಗಿರಲಿಲ್ಲ. ಸಾಹೇಬರಿಗೆ ಆ ಪಟ್ಟಿಯೆಂದರೆ ಹೊಟ್ಟೆಯಲ್ಲಿ ಹುಟ್ಟಿದ ಮಗು ಇದ್ದ ಹಾಗೆ.

ಹೋದ ಬೇಸಿಗೆಯಲ್ಲಿ ಅದನ್ನು ಹೊಸದು ಮಾಡುವ ಕೆಲಸ ಬಂದದ್ದು ಕರೆಂಟಕ್ಕನ ಪಾಲಿಗೆ. ಫೀಡರ್ ಫೀಡರಿಗೂ ಹಳೆಯ ಮೆಗಾವ್ಯಾಟ್ ಹೊಡೆದುಹಾಕಿ ಹೊಸದು ಬರೆದಳು. ಎರಡಿದ್ದದ್ದು ನಾಲ್ಕಾಗಿತ್ತು, ಮೂರಿದ್ದದ್ದು ಆರಾಗಿತ್ತು. ಮೊದಲ ಪುಟದ ಸಾಲನ್ನು ಮಾತ್ರ ಮುಟ್ಟಲಿಲ್ಲ, ಅದರಲ್ಲಿ ಮುಟ್ಟುವುದಕ್ಕೇನಿದೆ ಎಂದುಕೊಂಡಳು.

ಎರಡಿದ್ದದ್ದು ನಾಲ್ಕಾದದ್ದು ಸುಮ್ಮನೆ ಅಲ್ಲ. ಎರಡು ವರ್ಷದ ಹಿಂದೆ ಸರ್ಕಾರ 'ಕಲ್ಲಿದ್ದಲು ಒಲೆ ಕೊಡಿ, ಬಿಸಿಗಾಳಿ ಯಂತ್ರ ಪಡೆಯಿರಿ' ಎಂದಾಗ ದೇಶಕ್ಕೆ ದೇಶವೇ ಒಲೆ ಆರಿಸಿತು. ಅಲ್ಲಿಯವರೆಗೆ ಲಾರಿಯಲ್ಲಿ, ಗೋಣಿಚೀಲದಲ್ಲಿ ಮನೆಗೆ ಬರುತ್ತಿದ್ದ ಬಿಸಿಯೆಲ್ಲ ಇನ್ನು ತಂತಿಯಲ್ಲಿ ಬರಬೇಕಾಯಿತು. ನಮ್ಮ ಕರೆಂಟಕ್ಕ ಆಗ ಮನೆಮನೆ ಹತ್ತಿ ಇಳಿದವಳು. "ಹೊಗೆ ಇಲ್ಲ, ಬೂದಿ ಇಲ್ಲ, ಮಕ್ಕಳ ಕೆಮ್ಮು ನಿಲ್ಲುತ್ತೆ, ನನ್ನ ಮಾತು ನಂಬಿ," ಎಂದು ಏಳು ಬೀದಿಯ ಒಲೆ ಕೀಳಿಸಿದಳು. ಸುಳ್ಳೇನೂ ಹೇಳಿರಲಿಲ್ಲ. ಕೆಮ್ಮು ನಿಂತಿತ್ತು, ಕಿಟಕಿಯ ಮಸಿ ಹೋಗಿತ್ತು, ಒಗೆದ ಬಟ್ಟೆ ಒಗೆದ ಹಾಗೇ ಇರುತ್ತಿತ್ತು. ಕರೆಂಟಕ್ಕ ಎಂಬ ಹೆಸರು ಬಿದ್ದದ್ದೂ ಆಗಲೇ. ಕೆಲವರು ಪ್ರೀತಿಯಿಂದ ಕರೆಯುತ್ತಿದ್ದರು, ಇನ್ನು ಕೆಲವರು ಮೂತಿ ತಿರುವಿ.

ಮೂತಿ ತಿರುವಿದವರಲ್ಲಿ ಮೊದಲನೆಯವಳು ಹೆತ್ತ ತಾಯಿ. ಒಲೆಯ ಕಾಲದಲ್ಲಿ ಅಮ್ಮ ಆ ಏಳು ಬೀದಿಗೂ ಇದ್ದಲಿನ ಸರದಿ ನೋಡುವವಳು. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು, ಮಧ್ಯೆ ಇಕ್ಕಟ್ಟು ಬೀದಿ. ಎರಡೂ ಸಾಲಿನವರು ಒಟ್ಟಿಗೆ ಚೀಲ ಹಿಡಿದು ಬಂದರೆ ಲಾರಿಗೂ ಜಾಗವಿಲ್ಲ, ಜನಕ್ಕೂ ಜಾಗವಿಲ್ಲ, ಬರೀ ಜಗಳ. ಅದಕ್ಕೇ ಲಾರಿ ಬಂದಾಗ ಅಮ್ಮ ತನ್ನ ಮನೆಯ ಗೋಡೆಗೆ ಕಟ್ಟಿಗೆಯಿಂದ ಮೂರು ಸಲ ಕುಟ್ಟುವಳು, ಪಕ್ಕದವರು ಅವರ ಆಚೆಯ ಗೋಡೆಗೆ, ಅವರ ಪಕ್ಕದವರು ಅವರಾಚೆಗೆ. ಕ್ಷಣದಲ್ಲಿ ಸುದ್ದಿ ಬೀದಿಯ ಕೊನೆ ಮುಟ್ಟುತ್ತಿತ್ತು. ಬಲಸಾಲು ಮೊದಲು, ಎಡಸಾಲು ಆಮೇಲೆ. ಸರದಿ ನೋಡುವವಳು ಎಲ್ಲರಿಗಿಂತ ಕೊನೆಗೆ. ಒಲೆ ಹೋದದ್ದೇ ತಡ, ಅಮ್ಮನ ಆ ದರ್ಬಾರೂ ಹೋಯಿತು. ಗೋಡೆಯ ಮೇಲೆ ಕೂತು ಸದಾ ಗುರ್ರೆನ್ನುವ ಯಂತ್ರಕ್ಕೆ ಅವಳು ಇಟ್ಟ ಹೆಸರು ಗೊರಕೆರಾಯ.

ಆದರೆ ಕರೆಂಟಕ್ಕ ಆವತ್ತು ಕೂತಲ್ಲಿ ಕೂರಲಾರದೆ ಚಡಪಡಿಸುತ್ತಿದ್ದದ್ದು ಇದ್ಯಾವುದಕ್ಕೂ ಅಲ್ಲ. ಮನೆಯಲ್ಲಿ ತಂಗಿಯಿದ್ದಳು, ತಂಗಿಯ ಮಡಿಲಲ್ಲಿ ಹದಿನೆಂಟು ದಿನದ ಕೂಸು. ದಿನ ತುಂಬುವ ಮೊದಲೇ ಹುಟ್ಟಿದ್ದು, ಎರಡು ಕಿಲೋ ತೂಗಲು ಇನ್ನೂ ಹೆಣಗುತ್ತಿತ್ತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಹೇಳಿದ್ದು ಒಂದೇ ಮಾತು: "ಕೋಣೆ ಇಪ್ಪತ್ತನಾಲ್ಕು ಡಿಗ್ರಿ ಇರ್ಲಿ. ಇದಕ್ಕೆ ತನ್ನ ಮೈ ತಾನು ಬಿಸಿ ಇಟ್ಕೊಳ್ಳೋಕೆ ಇನ್ನೂ ಬರಲ್ಲ." ಕೂಸು ಮನೆಗೆ ಬಂದಾಗಿನಿಂದ ಮನೆಮಂದಿಯೆಲ್ಲ ಗೋಡೆಯ ಉಷ್ಣಮಾಪಕವನ್ನು ನೋಡಿಕೊಂಡೇ ಬದುಕುತ್ತಿದ್ದರು.

ಏಳಕ್ಕೆ ಎರಡು ನಿಮಿಷ ಇರುವಾಗ ದೂರದ ಯಾವುದೋ ದೊಡ್ಡ ಸ್ಥಾವರದ ಘಟಕವೊಂದು ನಿಂತುಹೋಯಿತು. ಅಂಕಿ ದಡಕ್ಕನೆ ನಲವತ್ತೊಂಬತ್ತೂವರೆಗೆ ಬಿತ್ತು. ಮರುಕ್ಷಣವೇ ರಾಷ್ಟ್ರದ ಕಂಟ್ರೋಲ್ ರೂಮಿನಿಂದ ಫೋನು.

"ಇಪ್ಪತ್ತು ಮೆಗಾವ್ಯಾಟ್ ಇಳಿಸಿ. ಈಗ್ಲೇ. ಎಲ್ಲಾ ಊರಿಗೂ ಹೇಳ್ತಿದೀವಿ."

ಸಾಹೇಬರು ಪಟ್ಟಿ ತೆರೆದರು. ಒಂದನೇ ಗುಂಪಿನಲ್ಲಿ ನಾಲ್ಕು ಫೀಡರು: ಮೂರು, ಒಂಬತ್ತು, ಹದಿನಾಲ್ಕು, ಹದಿನೇಳು. ಹದಿನೇಳೆಂದರೆ ಅಮ್ಮನ ಆ ಏಳು ಬೀದಿ. ಸಾಹೇಬರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

"ನಿಮ್ಮನೇಲಿ ಹಸುಗೂಸು ಇದ್ಯಲ್ಲಮ್ಮಾ. ಹದಿನೇಳು ಬಿಟ್ಟು ಹದಿನೆಂಟು ತೆಗಿಯೋಣ. ಯಾರಿಗೆ ಗೊತ್ತಾಗುತ್ತೆ?"

ಕರೆಂಟಕ್ಕನ ನಾಲಿಗೆಯ ತುದಿಗೆ 'ಹೂಂ' ಬಂದಿತ್ತು. ದೇವರಾಣೆ ಬಂದಿತ್ತು. ಆದರೆ ಹದಿನೆಂಟರಲ್ಲೂ ಸಾವಿರದಿನ್ನೂರು ಮನೆ, ಅಲ್ಲೇನು ಕೂಸುಗಳಿಲ್ಲವೇ? ಪಟ್ಟಿಯನ್ನು ತಿದ್ದಿದವಳು ತಾನು. ಅದರ ಮೊದಲ ಏಟು ತನ್ನ ಮನೆಗೆ ಬಿತ್ತು ಅಂತ ಪಕ್ಕದವರ ಮೇಲೆ ಹಾಕುವುದೇ?

"ಬೇಡ ಸಾರ್. ಒಂದು ಗಂಟೆ ತಾನೇ," ಎಂದಳು.

ಏಳೂ ಐದಕ್ಕೆ ಮಿಕ್ಕ ಮೂರರ ಜೊತೆ ಹದಿನೇಳರ ಬ್ರೇಕರನ್ನೂ, ಅಂದರೆ ಆ ಲೈನಿನ ದೊಡ್ಡ ಸ್ವಿಚ್ಚನ್ನೂ, ತನ್ನ ಕೈಯಾರೆ ತೆರೆದಳು. ಪರದೆಯ ಮೇಲೆ ಅದರ ಕೆಂಪು ಚುಕ್ಕೆ ಹಸಿರಾಯಿತು. ಆ ಕೋಣೆಯಲ್ಲಿ ಹಸಿರೆಂದರೆ ಕರೆಂಟಿಲ್ಲ ಎಂದರ್ಥ. ನಾಲ್ಕೂ ಮುಕ್ಕಾಲು ಮೆಗಾವ್ಯಾಟ್ ಇದ್ದದ್ದು ಸೊನ್ನೆಯಾಯಿತು. ತಕ್ಷಣ ಮನೆಗೆ ಫೋನು ಮಾಡಿದಳು.

"ಅಮ್ಮಾ, ಗಾಬರಿ ಆಗ್ಬೇಡ. ಎಂಟೂ ಐದಕ್ಕೆ ಕರೆಂಟು ಬರುತ್ತೆ. ಬಾಗ್ಲು ತೆಗೀಬೇಡಿ, ಕೂಸನ್ನ ಅವಳ ಎದೆಗೇ ಕಟ್ಟಿ ರಜಾಯಿ ಹೊದ್ಸು."

"ತೆಗೆದದ್ದು ಯಾರು?"

"ನಾನೇ."

"ಭೇಷ್! ಒಲೆ ಕಿತ್ತವಳೂ ನೀನೇ, ಕರೆಂಟು ಕಿತ್ತವಳೂ ನೀನೇ. ಇನ್ನೇನು ಉಳಿದಿದೆ, ಛಾವಣಿ ಒಂದು. ಅದನ್ನೂ ಬಂದು ಕಿತ್ಕೊಂಡು ಹೋಗು," ಎಂದು ಅಮ್ಮ ಫೋನಿಟ್ಟಳು.

ಆ ಒಂದು ಗಂಟೆ ಹೇಗೆ ಹೋಯಿತೋ ಅವಳಿಗೇ ಗೊತ್ತು. ಚಹಾ ತಂದಿಟ್ಟುಕೊಂಡಳು, ಕುಡಿಯಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ ಸಾಹೇಬರು ಅದನ್ನು ಕೈಯಿಂದ ಕಸಿದುಕೊಂಡು ಜೇಬಿಗೆ ಹಾಕಿಕೊಂಡರು. ಕಾಲು ಗಂಟೆಗೊಮ್ಮೆ ತಂಗಿಯಿಂದ ಬರೀ ಅಂಕಿಯ ಮೆಸೇಜು: 22. 20. 18. ಸಾಲುಮನೆಯ ಗೋಡೆ ತೆಳುವು, ಚಳಿ ಕೇಳಿ ಒಳಗೆ ಬರುವುದಿಲ್ಲ.

ಎಂಟೂ ಐದಾಯಿತು. ಹದಿನೇಳರ ಬ್ರೇಕರ್ ಹಾಕಿದಳು. ಹಸಿರು ಕೆಂಪಾಯಿತು. "ಸದ್ಯ!" ಎಂದು ಕುರ್ಚಿಗೆ ಬೆನ್ನು ಕೊಡುವಷ್ಟರಲ್ಲಿ ಕೆಂಪು ಮತ್ತೆ ಹಸಿರಾಯಿತು. ಬ್ರೇಕರ್ ತಾನಾಗಿ ಬಿದ್ದಿತ್ತು.

"ಇನ್ನೊಂದ್ಸಲ ಹಾಕು," ಎಂದರು ಸಾಹೇಬರು.

ಹಾಕಿದಳು. ಮತ್ತೆ ಬಿತ್ತು. ಮೂರನೆಯ ಫೀಡರ್ ಬಿತ್ತು, ಒಂಬತ್ತು ಬಿತ್ತು, ಹದಿನಾಲ್ಕೂ ಬಿತ್ತು. ಎಲ್ಲ ಎರಡೆರಡು ಸಲ.

ಈಗ ಆ ಕೋಣೆಯ ನಿಯಮ ಒಂದಿದೆ. ಎರಡು ಸಲ ಹಾಕಿ ಎರಡು ಸಲವೂ ಬಿದ್ದರೆ ಲೈನಿನಲ್ಲಿ ಎಲ್ಲೋ ಕೆಟ್ಟಿದೆ ಎಂದೇ ಲೆಕ್ಕ. ತಂತಿ ಹರಿದಿರಬಹುದು, ಮರ ಬಿದ್ದಿರಬಹುದು. ಲೈನ್‌ಮನ್ ಹೋಗಿ ಉದ್ದಕ್ಕೂ ನೋಡಿ 'ಸರಿ ಇದೆ' ಅನ್ನದೆ ಮೂರನೇ ಸಲ ಹಾಕುವಂತಿಲ್ಲ. ಮೂರನೇ ಸಲವೂ ಬಿತ್ತೋ, ಬ್ರೇಕರನ್ನೇ ಬಿಚ್ಚಿ ನೋಡಬೇಕು. ಅಂದರೆ ಸಂಜೆ.

"ಚಳಿಗೆ ತಂತಿ ಬಿಗಿದು ಹರಿದಿರ್ಬೇಕು," ಎಂದು ಸಾಹೇಬರು ವ್ಯಾನುಗಳಿಗೆ ಫೋನು ಹಚ್ಚಿದರು.

"ನಾಲ್ಕೂ ಲೈನು ಒಂದೇ ಹೊತ್ತಿಗಾ ಸಾರ್?"

ಅಷ್ಟರಲ್ಲಿ ಅವಳ ಮೊಬೈಲು ಬಡಿದುಕೊಂಡಿತು. ಅಮ್ಮ.

"ಏನೇ ಇದು, ಕಣ್ಣುಮುಚ್ಚಾಲೆ ಆಡ್ತಿದೀಯಾ? ಬಂತು, ಹೋಯ್ತು. ಬಂತು, ಹೋಯ್ತು. ಇಲ್ಲಿ ಹದಿನಾರಕ್ಕೆ ಬಂದಿದೆ."

"ಕೂಸು ಹೇಗಿದೆ ಅಮ್ಮಾ?"

"ಅಳ್ತಾ ಇಲ್ಲ."

ಬಂದ ದಿನದಿಂದ ಮನೆ ಹಾರಿಹೋಗುವ ಹಾಗೆ ಕಿರುಚಿದ ಕೂಸು ಅದು. "ಅಳ್ತಾ ಇಲ್ಲ ಅಂದ್ರೆ?"

"ಹಾಲಿಗೂ ಬಾಯಿ ತೆಗೀತಿಲ್ಲ. ಅಂಗಾಲು ತಣ್ಣಗಿದೆ. ಇವಳು ಅಳ್ತಿದಾಳೆ, ಅದು ಸುಮ್ನೆ ಮಲಗಿದೆ. ಆಸ್ಪತ್ರೆಗೆ ಗಾಡಿ ಕೇಳಿದ್ರೆ ಒಂದೂವರೆ ಗಂಟೆ ಅಂತಾರೆ, ಊರಿಗೆ ಊರೇ ಕೇಳ್ತಿದೆಯಂತೆ." ಅಮ್ಮನ ದನಿಯಲ್ಲಿ ಈಗ ವ್ಯಂಗ್ಯ ಇರಲಿಲ್ಲ. "ನಿನ್ನ ಯಂತ್ರಕ್ಕೆ ಏನು ಬಂತೇ? ನಮ್ಮ ಗೊರಕೆರಾಯ ಯಾವತ್ತೂ ಹಾಗೆ ಅರಚಿದ್ದಿಲ್ಲ."

"ಹೇಗೆ ಅರಚಿತು?"

"ಕರೆಂಟು ಬಂದಿದ್ದೇ ಬಂದಿದ್ದು, ಮೈಮೇಲೆ ಬಂದೋರ ಹಾಗೆ. ಇದೊಂದೇ ಅಲ್ಲ. ಈ ಕಡೆ ಗೋಡೆ, ಆ ಕಡೆ ಗೋಡೆ, ಎದುರುಮನೆ, ಬೀದಿಗೆ ಬೀದಿಯೇ ಒಟ್ಟಿಗೆ ಗುಂಯ್ ಅಂತು. ಬೇರೆ ದಿನ ಹಾಗಲ್ಲ. ನಮ್ಮದು ನಿಂತಾಗ ಪಕ್ಕದ್ದು ಶುರುವಾಗುತ್ತೆ, ಪಕ್ಕದ್ದು ನಿಂತಾಗ ಆಚೆಯದ್ದು. ನಾನೇನು ಎರಡು ವರ್ಷದಿಂದ ಇವುಗಳ ಗೊರಕೆ ಕೇಳ್ತಿಲ್ವಾ?"

ಕರೆಂಟಕ್ಕ ಫೋನು ಕಿವಿಯಲ್ಲಿ ಹಿಡಿದುಕೊಂಡೇ ನಿಂತಳು. ಆಮೇಲೆ ಹೋಗಿ ಬ್ರೇಕರಿನ ದಾಖಲೆ ತೆಗೆದು ನೋಡಿದಳು. ತಂತಿ ಹರಿದು ನೆಲಕ್ಕೆ ಬಿದ್ದಿದ್ದರೆ ಬ್ರೇಕರ್ ಹಾಕಿದ ಏಟಿಗೇ ಬೀಳಬೇಕಿತ್ತು. ಇದು ಎಂಟು ಸೆಕೆಂಡು ಹೊತ್ತುಕೊಂಡು, ತಾಳಲಾರದೆ ಬಿದ್ದಿತ್ತು. ಬೀಳುವಾಗ ಒಂಬತ್ತೂ ಕಾಲು ಮೆಗಾವ್ಯಾಟ್. ಬ್ರೇಕರಿನ ಮಿತಿ ಏಳು. ತೆಗೆದದ್ದು ನಾಲ್ಕೂ ಮುಕ್ಕಾಲು, ಬಂದದ್ದು ಅದರ ಎರಡರಷ್ಟು.

ಅಯ್ಯೋ ನನ್ನ ಬುದ್ಧಿಗಿಷ್ಟು, ಎಂದುಕೊಂಡಳು. ಮಾಮೂಲಿ ದಿನ ಸಾವಿರದ ನಾನೂರು ಮನೆಯ ಯಂತ್ರಗಳು ಒಟ್ಟಿಗೆ ಓಡುವುದೇ ಇಲ್ಲ. ಒಂದು ಮನೆ ಬೆಚ್ಚಗಾಗಿ ಸುಮ್ಮನಿದ್ದಾಗ ಇನ್ನೊಂದು ಓಡುತ್ತಿರುತ್ತದೆ. ಯಾರೂ ಹೇಳದೆ ತಮ್ಮಷ್ಟಕ್ಕೆ ತಾವೇ ಸರದಿ ಹಾಕಿಕೊಂಡಿರುತ್ತವೆ. ಒಂದು ಗಂಟೆ ಕರೆಂಟು ತೆಗೆದರೆ ಎಲ್ಲ ಮನೆಯೂ ಒಟ್ಟಿಗೆ ತಣ್ಣಗಾಗುತ್ತದೆ, ಕೊಟ್ಟಾಗ ಎಲ್ಲವೂ ಒಟ್ಟಿಗೆ ಎಳೆಯುತ್ತವೆ. ಸಾಲದ್ದಕ್ಕೆ ಕಡುಚಳಿಗೆಂದು ಯಂತ್ರದೊಳಗೆ ಇಟ್ಟಿರುವ ತಂತಿಸುರುಳಿಯೂ ಕೆಂಪಗೆ ಕಾಯತೊಡಗುತ್ತದೆ. ಒಲೆಗೆ ಈ ತಾಪತ್ರಯ ಇರಲಿಲ್ಲ. ಒಲೆಯ ಕಾಲದ ಮನೆಯಲ್ಲಿ ದೀಪ ಹೋಯಿತು, ದೀಪ ಬಂತು, ಅಷ್ಟೇ. ಯಂತ್ರಗಳು ಬಂದಮೇಲೆ ಪಟ್ಟಿ ತೆರೆದದ್ದು ಇದೇ ಮೊದಲು. 'ಹೋದಷ್ಟೇ ವಾಪಸ್ ಬರುತ್ತದೆ' ಎಂಬುದು ಒಲೆಯ ಕಾಲದ ಮಾತು. ಅದನ್ನು ಹಾಗೇ ಉಳಿಸಿದ್ದು ತಾನು. ಅಂಕಿಗಳನ್ನೆಲ್ಲ ತಿದ್ದಿ, ತಿದ್ದಲೇಬೇಕಾಗಿದ್ದ ಆ ಒಂದು ಸಾಲನ್ನು ಬಿಟ್ಟವಳು ತಾನು.

"ಸಾರ್, ಲೈನು ಕೆಟ್ಟಿಲ್ಲ. ನಮ್ಮ ಪಟ್ಟಿ ಕೆಟ್ಟಿದೆ," ಎಂದಳು.

ದಾಖಲೆಯನ್ನು ಮುಂದಿಟ್ಟಳು. ಸಾಹೇಬರು ಓದಿದರು. ಇನ್ನೊಮ್ಮೆ ಓದಿದರು. ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. "ಹನ್ನೊಂದು ವರ್ಷ..." ಎಂದು ಶುರುಮಾಡಿ ಮಾತು ನುಂಗಿಕೊಂಡರು. "ಸರಿ, ಈಗೇನು ಮಾಡೋದು? ಲೈನನ್ನ ತುಂಡು ತುಂಡಾಗಿ ಬಿಡ್ಬೇಕು ಅಂದ್ರೆ ಕಂಬ ಹತ್ತಿ ಸ್ವಿಚ್ ತೆಗೀಬೇಕು. ಇರೋದು ಎರಡು ವ್ಯಾನು, ಬಿದ್ದಿರೋದು ನಾಲ್ಕು ಫೀಡರು. ಮಧ್ಯಾಹ್ನ ಆಗುತ್ತೆ."

ಮಧ್ಯಾಹ್ನ. ಮೊಬೈಲಿನಲ್ಲಿ ತಂಗಿಯ ಮೆಸೇಜು: 15.

ಅಮ್ಮ ಇನ್ನೂ ಲೈನಿನಲ್ಲೇ ಇದ್ದಳು. ಕಿವಿಯ ಹತ್ತಿರ ತಂದುಕೊಂಡಾಗ ಅವಳ ಉಸಿರು ಕೇಳಿಸಿತು. ಆಗಲೇ ಹೊಳೆದದ್ದು.

"ಅಮ್ಮಾ, ಇದ್ದಲು ಲಾರಿ ಬಂದಾಗ ಎಲ್ಲಾರೂ ಒಟ್ಟಿಗೆ ನುಗ್ಗಿದ್ರೆ ಏನು ಮಾಡ್ತಿದ್ದೆ?"

"ಈಗ ಅದ್ಯಾಕೆ?"

"ಹೇಳಮ್ಮಾ!"

"ನುಗ್ಗೋಕೆ ಬಿಟ್ರೆ ತಾನೇ? ಬಲಸಾಲು ಮೊದ್ಲು, ಎಡಸಾಲು ಆಮೇಲೆ."

"ಅದನ್ನೇ ಮಾಡ್ಬೇಕು. ಎಡಸಾಲಿನವರೆಲ್ಲ ಮೀಟರ್ ಪಕ್ಕದ ದೊಡ್ಡ ಸ್ವಿಚ್ಚು ಇಳಿಸ್ಬೇಕು, ಏಳು ಬೀದೀಲೂ. ನೀನು ಹೇಳೋವರ್ಗೂ ಯಾರೂ ಎತ್ತಬಾರ್ದು. ನಾನು ಕರೆಂಟು ಬಿಟ್ರೆ ಬರೀ ಬಲಸಾಲಿಗೆ ಬರ್ಬೇಕು. ಅವರ ಮನೆ ಬೆಚ್ಚಗಾದ್ಮೇಲೆ ಎಡಸಾಲು. ಆಗುತ್ತಾ?"

ಅಮ್ಮ ಮೆಲ್ಲಗೆ, "ನಮ್ಮದು ಎಡಸಾಲು ಕಣೇ," ಎಂದಳು.

ಕರೆಂಟಕ್ಕನಿಗೆ ಅದು ಹೊಳೆದೇ ಇರಲಿಲ್ಲ. ನಮ್ಮನೆ ಒಂದು ಬಿಡು ಅಮ್ಮಾ, ಒಂದು ಮನೆಯಿಂದ ಏನಾಗುತ್ತೆ, ಎನ್ನಬಹುದಿತ್ತು. ನಿಜವಾಗಿ ಏನೂ ಆಗುತ್ತಿರಲಿಲ್ಲ. ಆದರೆ ಸರದಿ ಹೇಳುವ ಮನೆಯ ಗೊರಕೆರಾಯನೇ ಗುರ್ರೆಂದರೆ, ಆ ತೆಳುಗೋಡೆಯ ಆಚೆ ಯಾರು ಸುಮ್ಮನಿರುತ್ತಾರೆ? ಒಬ್ಬರು ಎತ್ತಿದರೆ ಎಲ್ಲರೂ ಎತ್ತುತ್ತಾರೆ.

"ಗೊತ್ತು," ಎಂದಳು. ಗೊತ್ತಿರಲಿಲ್ಲ.

"ನಿನ್ನ ಮಾತು ಕೇಳಿ ಒಲೆ ಕಿತ್ತೋರು ಈಗ ನನ್ನ ಮುಖಕ್ಕೆ ಬಾಗ್ಲು ಹಾಕ್ದಿದ್ರೆ ಸಾಕು," ಎಂದು ಅಮ್ಮ ಫೋನನ್ನು ಎಲ್ಲೋ ಕುಕ್ಕಿದಳು. ಇಡುವುದನ್ನು ಮರೆತಿದ್ದಳು. ಧಡ್ ಧಡ್ ಧಡ್. ಗೋಡೆಗೆ ಮೂರು ಏಟು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ದೂರದಿಂದ, ತೆಳ್ಳಗೆ, ಇನ್ನೂ ಮೂರು ಏಟು. ಬಾಗಿಲುಗಳ ಸದ್ದು. ಯಾರೋ ಕೂಗಿದರು, "ಏನ್ರೀ, ಇದ್ದಲು ಲಾರಿ ಬಂತಾ?" ಅಮ್ಮ ಕೂಗಿದಳು, "ನಿಮ್ಮ ತಲೆ! ಎಡಸಾಲು ಸ್ವಿಚ್ಚು ಇಳಿಸ್ರೀ, ಎಡಸಾಲು!"

ಇತ್ತ ಹದಿನೇಳರ ಕಡೆಗೆ ಹೊರಟಿದ್ದ ವ್ಯಾನಿನಲ್ಲಿ ಏಣಿ ಇದ್ದ. ಆರಡಿ ಮೀರಿದ ಲೈನ್‌ಮನ್, ಅದಕ್ಕೇ ಆ ಹೆಸರು. ಕರೆಂಟಕ್ಕ ಅವನಿಗೆ ವೈರ್‌ಲೆಸ್ಸಿನಲ್ಲಿ ಹೇಳಿದಳು: "ಅಣ್ಣಾ, ಕಂಬ ಹತ್ತಬೇಡ. ವ್ಯಾನಲ್ಲೇ ಲೈನಿನ ಉದ್ದಕ್ಕೂ ಹೋಗಿ ನೋಡು. ಮೂರು ಕಿಲೋಮೀಟರು. ಒಂದು ಕಂಬಾನೂ ಬಿಡ್ಬೇಡ."

"ಒಂದನ್ನೂ ಬಿಡಲ್ಲ ತಂಗಿ. ಆದ್ರೆ ರಸ್ತೆ ಮೇಲೆ ಮಂಜುಗಡ್ಡೆ, ಓಡಿಸೋಕಾಗಲ್ಲ," ಎಂದ.

ಹದಿನೆಂಟು ನಿಮಿಷ ತೆಗೆದುಕೊಂಡ ಪುಣ್ಯಾತ್ಮ. ಅಷ್ಟು ಹೊತ್ತೂ ಅವಳು ಬಾಗಿಲಿಂದ ಪರದೆಗೆ, ಪರದೆಯಿಂದ ಬಾಗಿಲಿಗೆ ತಿರುಗಿದಳು. ಈ ಸಲ ಸಾಹೇಬರೂ ಕೂರಲಿಲ್ಲ. ಇಬ್ಬರೂ ಎದುರುಬದುರು ಸಿಕ್ಕಿ ಹಾದಿ ಬಿಟ್ಟುಕೊಟ್ಟು ಓಡಾಡಿದರು. ಅಮ್ಮ ಎಷ್ಟು ಮನೆ ಮುಟ್ಟಿದಳೋ, ಎಷ್ಟು ಜನ ಅವಳ ಮಾತು ಕೇಳಿದರೋ, ಎಷ್ಟು ಜನ 'ಹೋಗಮ್ಮಾ' ಎಂದರೋ ತಿಳಿಯುವ ದಾರಿಯೇ ಇರಲಿಲ್ಲ. ತಂಗಿಯ ಮೆಸೇಜು ನಿಂತುಹೋಗಿತ್ತು. 14 ಎಂಬುದೇ ಕೊನೆಯದು.

"ತಂತಿ ಎಲ್ಲಾ ಸರಿ ಇದೆ. ನಾನು ವ್ಯಾನಲ್ಲೇ ಇದೀನಿ, ಲೈನಿಂದ ದೂರ," ಎಂದ ಏಣಿ. ಸಾಹೇಬರು ಪುಸ್ತಕದಲ್ಲಿ ಹೊತ್ತು ಬರೆದು ಸಹಿ ಹಾಕಿದರು. "ಬಿದ್ರೆ ಸಂಜೆವರ್ಗೂ ಇಲ್ಲ, ನೆನಪಿರ್ಲಿ," ಎಂದರು. ಅವಳಿಗೇನು ನೆನಪಿರಲಿಲ್ಲವೇ?

ಅಮ್ಮನ ಫೋನು ಬಂತು. ಏದುಸಿರು. "ನಾಲ್ಕು ಬೀದಿ ಆಯ್ತು. ಇನ್ನು ಮೂರಕ್ಕೆ ಗೋಡೆ ಸುದ್ದಿ ಹೋಗಿದೆ, ಮುಟ್ಟಿದೆಯೋ ಇಲ್ವೋ ಗೊತ್ತಿಲ್ಲ."

"ಕೂಸು?"

"ನೀನು ನಿನ್ನ ಕೆಲಸ ನೋಡು. ಬಿಡು ಕರೆಂಟು."

ಎಂಟೂ ನಲವತ್ತಾರಕ್ಕೆ ಬ್ರೇಕರ್ ಹಾಕಿದಳು. ಕೆಂಪು. ಒಂದು, ಎರಡು, ಮೂರು ಎಂದು ಸಾಹೇಬರು ಗಟ್ಟಿಯಾಗಿ ಎಣಿಸತೊಡಗಿದರು. ಐದು ಮೆಗಾವ್ಯಾಟ್. ಆರು. ಆರೂವರೆ. ಎಂಟು ಸೆಕೆಂಡು ದಾಟಿತು. ಆರೂ ಮುಕ್ಕಾಲಿಗೆ ಹೋಗಿ ಅಲ್ಲೇ ತೂಗಾಡತೊಡಗಿತು. ಮೇಲೆ ಒಂದಿಷ್ಟು, ಕೆಳಗೆ ಒಂದಿಷ್ಟು. ಎಲ್ಲೋ ಒಂದು ಮುನ್ನೂರು ಮನೆಯವರು ಮಾತು ಕೇಳಿಲ್ಲ, ಇನ್ನು ಐವತ್ತು ಮನೆಯವರು ಸ್ವಿಚ್ಚು ಎತ್ತಿದರೆ ಮುಗಿಯಿತು. "ಎತ್ತಬೇಡಿ, ಎತ್ತಬೇಡಿ ನನ್ನಪ್ಪಗಳಿರಾ," ಎಂದು ಅವಳು ಪರದೆಗೆ ಕೈಮುಗಿದಳು. ಯಾರೂ ಎತ್ತಲಿಲ್ಲ. ಐದು ನಿಮಿಷಕ್ಕೆ ಆರೂವರೆ, ಹತ್ತು ನಿಮಿಷಕ್ಕೆ ಐದೂ ಮುಕ್ಕಾಲು. ಬಲಸಾಲಿನ ಮನೆಗಳು ಒಂದೊಂದಾಗಿ ಬೆಚ್ಚಗಾಗಿ ಯಂತ್ರಗಳು ಸುಮ್ಮನಾಗುತ್ತಿದ್ದವು.

ಸಾಹೇಬರು ಮಿಕ್ಕ ಮೂರು ಫೀಡರಿನ ಚಿಂತೆಯಲ್ಲಿ ರಾಷ್ಟ್ರದ ಕಂಟ್ರೋಲ್ ರೂಮಿಗೆ ಫೋನು ಮಾಡಿದರು. ಅಲ್ಲಿ ಗೋಳೋ ಎನ್ನುತ್ತಿದ್ದರು. ಎಲ್ಲ ಊರಿನಲ್ಲೂ ಇದೇ ಕಥೆ, ತೆಗೆದದ್ದು ಯಾವುದೂ ವಾಪಸ್ ನಿಲ್ಲುತ್ತಿಲ್ಲ. "ನಿಮ್ಮದೊಂದು ನಿಂತಿದ್ಯಲ್ಲ, ಯಾವ ನಿಯಮದಲ್ಲಿ ಹಾಕಿದ್ರಿ?" ಎಂದು ಕೇಳಿದರಂತೆ. ಸಾಹೇಬರು ಗಂಟಲು ಸರಿಪಡಿಸಿಕೊಂಡು, "ಇದ್ದಲು ಲಾರಿ ನಿಯಮ," ಎಂದರು.

ಒಂಬತ್ತೂ ಹತ್ತಕ್ಕೆ ಹದಿನೇಳು ನಾಲ್ಕೂವರೆಗೆ ಇಳಿದಿತ್ತು. ಕರೆಂಟಕ್ಕ ಅಮ್ಮನಿಗೆ ಫೋನು ಮಾಡಿ, "ಎಡಸಾಲು ಬಿಡಮ್ಮಾ. ಆದ್ರೆ ಒಂದೊಂದೇ ಬೀದಿ, ಮೆಲ್ಲಗೆ," ಎಂದಳು.

ಮತ್ತೆ ಗೋಡೆಯ ಏಟು ಕೇಳಿಸಿತು. ಪರದೆಯ ಮೇಲೆ ನಾಲ್ಕೂವರೆ ನಾಲ್ಕೂ ಮುಕ್ಕಾಲಾಯಿತು, ಐದಾಯಿತು, ಸ್ವಲ್ಪ ನಿಂತು ಐದೂ ಕಾಲಾಯಿತು. ಎಲ್ಲೂ ಹಾರಲಿಲ್ಲ. ಅಮ್ಮ ಬೀದಿ ಬೀದಿ ಸುತ್ತಿ ಸ್ವಿಚ್ಚು ಎತ್ತಿಸುವುದು ಅವಳಿಗೆ ಈ ಕೋಣೆಯಲ್ಲಿ ಕೂತು ಕಾಣುತ್ತಿತ್ತು. ಇಪ್ಪತ್ತು ನಿಮಿಷ ಆದಮೇಲೆ ಫೋನಿನಲ್ಲಿ ಒಂದು ಸ್ವಿಚ್ಚಿನ ಟಕ್ ಸದ್ದು, ಹಿಂದೆಯೇ ಗೊರಕೆರಾಯನ ಗುರ್.

"ಎಲ್ಲಾರದೂ ಆಯ್ತು. ಈಗ ನಮ್ಮದು," ಎಂದಳು ಅಮ್ಮ.

"ಕೂಸು ಎಲ್ಲಮ್ಮಾ? ಈಗಲಾದ್ರೂ ಹೇಳು."

"ಎದುರುಮನೆಯಾಕೆ ಕೂಸನ್ನೂ ಇವಳನ್ನೂ ಕರ್ಕೊಂಡು ಹೋದ್ಳು. ಬಲಸಾಲಲ್ವಾ ಅವರದು."

ಎದುರುಮನೆಯಾಕೆ! ಒಲೆ ಕೀಳಿಸಿದ ದಿನದಿಂದ ಕರೆಂಟಕ್ಕ ಎದುರಾದರೆ ಬೀದಿಯ ಆ ಬದಿಗೆ ಹೋಗುತ್ತಿದ್ದವಳು.

"ನೀನು ಕರೆದ್ಯಾ?"

"ನಾನ್ಯಾಕೆ ಕರೀಲಿ? ಕರೆಂಟು ಬರೋಕೆ ಮುಂಚೆ ಬಾಗಿಲಲ್ಲಿ ಬಂದು ನಿಂತಿದ್ಳು. 'ನೀವು ಸರದಿ ನೋಡಿ, ಮಗು ನಾನು ನೋಡ್ತೀನಿ' ಅಂದ್ಳು. ಆಮೇಲಿಂದ ನಾನೂ ಬೀದಿ ಮೇಲೇ ಇದೀನಿ, ಕೂಸಿನ ಮುಖ ನೋಡಿಲ್ಲ." ಅಮ್ಮನ ದನಿ ಒಡೆಯಿತು. "ಹೋಗೋಕೆ ಭಯ ಆಗ್ತಿದೆ ಕಣೇ."

ಕರೆಂಟಕ್ಕ ತಂಗಿಯ ನಂಬರು ಒತ್ತಿದಳು. ಬಡಿಯಿತು, ಬಡಿಯಿತು. ಎತ್ತಲಿಲ್ಲ. ಇನ್ನೊಮ್ಮೆ ಒತ್ತಿದಳು. ಆರನೇ ಸಲ ಬಡಿದಾಗ ಎತ್ತಿದರು. ತಂಗಿ ಏನೋ ಹೇಳುತ್ತಿದ್ದಳು, ಒಂದು ಅಕ್ಷರವೂ ಕೇಳಿಸಲಿಲ್ಲ. ಅವಳ ಮಾತನ್ನೆಲ್ಲ ಮುಚ್ಚಿ, ಕಿವಿ ತೂತಾಗುವ ಹಾಗೆ, ಉಸಿರು ಕಟ್ಟಿ ಕಟ್ಟಿ, ಕೋಪದಿಂದ ಒಂದು ಕಿರುಚಾಟ.

ಕರೆಂಟಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು ನೆಲದ ಮೇಲೇ ಕೂತುಬಿಟ್ಟಳು. ಕಣ್ಣಿಂದ ನೀರು ದಳದಳ ಇಳಿಯಿತು. ಪಟ್ಟಿ ಸಾಹೇಬರು ಗಾಬರಿಯಿಂದ ಓಡಿಬಂದರು. "ಏನಾಯ್ತಮ್ಮಾ? ಏನಾಯ್ತು?"

"ಅಳ್ತಾ ಇದೆ ಸಾರ್!"

"ಯಾರು? ಯಾಕೆ?"

"ಹಸಿವಿಗೆ ಸಾರ್! ಹಸಿವಿಗೆ!"

ಸಾಹೇಬರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಅವರು ಸುಮ್ಮನೆ ಹೋಗಿ ಮೇಜಿನ ಮೇಲಿದ್ದ ಪಟ್ಟಿಯ ಮೊದಲ ಪುಟ ತೆರೆದರು, ಜೇಬಿನಿಂದ ಅವಳದೇ ಪೆನ್ನು ತೆಗೆದು ತಮ್ಮ ದುಂಡು ಅಕ್ಷರದ ಸಾಲಿನ ಮೇಲೆ ಒಂದು ಗೆರೆ ಎಳೆದರು. ಎಳೆಯುವಾಗ ಕೈ ಒಮ್ಮೆ ನಿಂತಿತು.

"ಒಂಬತ್ತನೇ ಫೀಡರಿನ ಬೀದಿಗಳಿಗೆ ಸರದಿ ನೋಡ್ತಿದ್ದೋರು ಯಾರು, ನಿಮ್ಮ ತಾಯಿಗೆ ಗೊತ್ತಿರುತ್ತಾ?" ಎಂದು ಕೇಳಿದರು.

ಕರೆಂಟಕ್ಕ ಮೂಗು ಒರೆಸಿಕೊಂಡು ಅಮ್ಮನಿಗೆ ಮತ್ತೆ ಫೋನು ಮಾಡಿದಳು. ಕೂಸು ಅಳುತ್ತಿದೆ ಎಂದು ಹೇಳಿದಳು. ಆ ಕಡೆ ಬಹಳ ಹೊತ್ತು ಮೂಗು ಸೆಳೆಯುವ ಸದ್ದು ಮಾತ್ರ ಕೇಳಿಸಿತು. ಆಮೇಲೆ ಒಂಬತ್ತು, ಮೂರು, ಹದಿನಾಲ್ಕು ಅಂದರೆ ಯಾವ ಯಾವ ಬೀದಿ ಎಂದು ಹೇಳಿ, ಸಾಹೇಬರ ಪ್ರಶ್ನೆ ಕೇಳಿದಳು.

"ಗೊತ್ತಿರುತ್ತಾ ಅಂತೆ! ಒಂಬತ್ತಕ್ಕೆ ಕುಂಟು ದರ್ಜಿಯ ಹೆಂಡ್ತಿ, ಮೂರಕ್ಕೆ ಬೇಕರಿಯ ದೊಡ್ಡಮ್ಮ, ಹದಿನಾಲ್ಕಕ್ಕೆ ಅಕ್ಕತಂಗಿಯರಿಬ್ರು, ಅವರಿಬ್ರಿಗೂ ಮಾತಿಲ್ಲ, ಬೇರೆ ಬೇರೆ ಫೋನು ಮಾಡ್ಬೇಕು. ನಂಬರು ಹೇಳ್ತೀನಿ, ಬರ್ಕೋ," ಎಂದಳು ಅಮ್ಮ. "ಪೆನ್ನಿದೆ ತಾನೇ?"

ಕರೆಂಟಕ್ಕ ಸಾಹೇಬರ ಕಡೆಗೆ ಕೈ ಚಾಚಿದಳು. ಅವರು ಪೆನ್ನು ವಾಪಸ್ ಕೊಟ್ಟರು.